ಅಪ್ಪನ ಗೊಬ್ಬರದಂಗಡಿ, ಪರ್ಸೆಂಟೇಜ್ ಫೀಸು, ಬೀರುವಿನಲ್ಲಿ ಸಿಕ್ಕಿಕೊಂಡ ಫೈಲು: ವಕೀಲಿಕೆ ವೃತ್ತಿಯೋ, ವ್ಯಾಪಾರವೋ?

ಪ್ರಶ್ನೆ: ಹಾಸನ ಜಿಲ್ಲೆಯ ತಾಲ್ಲೂಕು ಕೋರ್ಟೊಂದರಲ್ಲಿ ಆರು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ಸೀನಿಯರ್ ಆಫೀಸಿನಿಂದ ಹೊರಬಂದು ಸ್ವಂತ ರೂಮು ಮಾಡಿದೆ. ಬಾಡಿಗೆ, ಗುಮಾಸ್ತ, ಒಬ್ಬ ಜೂನಿಯರ್, ಓಡಾಟ ಎಲ್ಲ ಸೇರಿ ತಿಂಗಳಿಗೆ 40 ಸಾವಿರ ಖರ್ಚು. ಅಪ್ಪನದು ರಸಗೊಬ್ಬರದ ಅಂಗಡಿ. ಅವರಿಗೀಗ ಕೈಲಾಗುತ್ತಿಲ್ಲ, ಅಂಗಡಿ ನಿನ್ನ ಹೆಸರಿಗೆ ಮಾಡಿಸಿಕೋ ಅನ್ನುತ್ತಿದ್ದಾರೆ. ತಿಂಗಳಿಗೆ 15 ಸಾವಿರ ಕೊಟ್ಟರೆ 40 ಜನ ಕಕ್ಷಿದಾರರ ಫೋನ್ ನಂಬರ್ ಕೊಡುತ್ತೇವೆ ಎಂದು ಮಾರ್ಕೆಟಿಂಗ್ ಕಂಪನಿಯೊಂದು ಬೆನ್ನುಬಿದ್ದಿದೆ. ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬರು ‘ಈಗ ಕೈಯಲ್ಲಿ ಕಾಸಿಲ್ಲ, ಪರಿಹಾರ ಬಂದಮೇಲೆ ನೂರಕ್ಕೆ ಇಪ್ಪತ್ತು ತಗೊಳ್ಳಿ’ ಅನ್ನುತ್ತಿದ್ದಾರೆ. ಫೀಸು ಕೊಡದೆ ಬೇರೆ ವಕೀಲರ ಹತ್ತಿರ ಹೋದವನೊಬ್ಬನ ಫೈಲು ನನ್ನ ಬೀರುವಿನಲ್ಲೇ ಇದೆ. ಇನ್ನೊಬ್ಬ, ಕೇಸು ಸೋತರೆ ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಎಂದು ಈಗಲೇ ಹೆದರಿಸಿದ್ದಾನೆ. ಬಾರ್ ರೂಮಿನಲ್ಲಿ ಹಿರಿಯರು ‘ಇದು ನೋಬಲ್ ಪ್ರೊಫೆಷನ್, ಅಂಗಡಿಯಲ್ಲ’ ಅನ್ನುತ್ತಾರೆ. ಬ್ಯಾಂಕಿಗೆ ಹೋದರೆ ‘ನಿಮ್ಮ ಬ್ಯುಸಿನೆಸ್ ಟರ್ನೋವರ್ ಎಷ್ಟು’ ಅನ್ನುತ್ತಾರೆ. ನಾನು ಇದನ್ನು ಏನೆಂದು ತಿಳಿಯಬೇಕು?

ಉತ್ತರ: ನಿಮ್ಮ ಪತ್ರ ಬಿಡಿಸಿ ನೋಡಿದರೆ ಉಳಿಯುವ ಚಿಂತೆ ಇಷ್ಟು. ತಿಂಗಳ ಖರ್ಚು ಹುಟ್ಟಬೇಕು, ಸನ್ನದಿಗೂ (ವಕೀಲಿಕೆ ಮಾಡುವ ಪರವಾನಗಿಗೂ) ಕುತ್ತು ಬರಬಾರದು. ಎರಡೂ ಆಗುತ್ತದೆ. ಆದರೆ ನೀವು ಬರೆದಿರುವ ಆರು ಸಂಗತಿಗಳಲ್ಲಿ ಮೂರಕ್ಕೆ ‘ಬೇಡ’ ಅನ್ನಬೇಕು, ಒಂದನ್ನು ಈ ವಾರವೇ ಸರಿಪಡಿಸಬೇಕು.

ಮೊದಲು ಆ ದೊಡ್ಡ ಪ್ರಶ್ನೆ. ವಕೀಲಿಕೆ ವೃತ್ತಿಯೋ ವ್ಯಾಪಾರವೋ ಎಂಬುದಕ್ಕೆ ನಮ್ಮ ಕಾನೂನಿನಲ್ಲಿ ಒಂದೇ ಉತ್ತರವಿಲ್ಲ. ಕೇಳುತ್ತಿರುವುದು ಯಾವ ಕಾಯ್ದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಸಂವಿಧಾನದ 19(1)(ಜಿ) ವಿಧಿ ವೃತ್ತಿ, ಉದ್ಯೋಗ, ವ್ಯಾಪಾರ, ವ್ಯವಹಾರ ಎಂದು ನಾಲ್ಕನ್ನೂ ಬೇರೆಬೇರೆಯಾಗಿಯೇ ಹೇಳುತ್ತದೆ. ಆದಾಯ ತೆರಿಗೆಯವರು ‘ವ್ಯಾಪಾರ ಅಥವಾ ವೃತ್ತಿಯ ಲಾಭ’ ಎಂದು ಎರಡನ್ನೂ ಒಂದೇ ತಲೆಬರಹದಡಿ ಕೂರಿಸುತ್ತಾರೆ. ವಕೀಲರ ಕಚೇರಿ ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿತು. ಆದರೆ ಅದಕ್ಕೆ ಆರು ವರ್ಷ ಮೊದಲು, ನಮ್ಮ ಬೆಂಗಳೂರು ಜಲಮಂಡಲಿಯ ಹೆಸರಿನಲ್ಲೇ ಪ್ರಸಿದ್ಧವಾದ 1978ರ ತೀರ್ಪಿನಲ್ಲಿ, ಏಳು ನ್ಯಾಯಮೂರ್ತಿಗಳ ಪೀಠ ಕಾರ್ಮಿಕ ಕಾನೂನಿನ ಮಟ್ಟಿಗೆ ವೃತ್ತಿಗಳನ್ನೂ ‘ಉದ್ಯಮ’ದ ಒಳಗೆ ತಂದಿತ್ತು. ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡು ನಡೆಸುವ ಸಣ್ಣ ವಕೀಲರನ್ನು ಮಾತ್ರ ಹೊರಗಿಟ್ಟಿತು. ಆ ತೀರ್ಪು ಆಮೇಲೆ ಮರುಪರಿಶೀಲನೆಗೆ ದೊಡ್ಡ ಪೀಠಕ್ಕೆ ಹೋಯಿತು, ಅದು ಬೇರೆ ಕಥೆ. ನಿಮಗೆ ಬೇಕಾದ್ದು ಇಷ್ಟೇ: ಬ್ಯಾಂಕ್ ಮ್ಯಾನೇಜರ್ ಕೇಳಿದ್ದೂ ತಪ್ಪಲ್ಲ, ಬಾರ್ ರೂಮಿನ ಹಿರಿಯರು ಹೇಳಿದ್ದೂ ಸುಳ್ಳಲ್ಲ.

ಪದಗಳನ್ನೇ ಹಿಡಿದು ಜಗ್ಗಾಡಿದರೆ ಇನ್ನೂ ತಮಾಷೆ. ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ ‘ವ್ಯವಹಾರಾಧ್ಯಾಯ’ ಎಂಬ ಭಾಗವಿದೆ. ಅಲ್ಲಿ ವ್ಯವಹಾರ ಎಂದರೆ ಕೊಡುಕೊಳ್ಳುವ ವ್ಯಾಪಾರವಲ್ಲ, ನ್ಯಾಯಾಲಯದ ವ್ಯಾಜ್ಯ. ನಮ್ಮ ಕೆಲಸದ ಹಳೆಯ ಹೆಸರೇ ವ್ಯವಹಾರ.

ಹೆಸರು ಬಿಟ್ಟು ಕೆಲಸಕ್ಕೆ ಬರೋಣ. 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ಮಾಡಿರುವ ನಿಯಮಗಳನ್ನು, ಅದರಲ್ಲೂ ಆರನೇ ಭಾಗದ ಎರಡನೇ ಅಧ್ಯಾಯವನ್ನು, ಒಮ್ಮೆ ಕೂತು ಓದಿ. ಅಲ್ಲಿ ಒಂದು ಗೆರೆ ಕಾಣುತ್ತದೆ. ಕಚೇರಿಯನ್ನು ನೀವು ಎಷ್ಟು ಬೇಕಾದರೂ ವ್ಯಾಪಾರಿಯ ಹಾಗೆ ನಡೆಸಬಹುದು: ಲೆಕ್ಕ ಇಡಿ, ಫೀಸು ಮುಂಗಡ ಕೇಳಿ, ಖರ್ಚು ಕಡಿತ ಮಾಡಿ, ಕಂಪ್ಯೂಟರ್ ಹಾಕಿಸಿ. ಕೇಸಿನೊಳಗೆ ಮಾತ್ರ ಬಂಡವಾಳ ಹೂಡುವ ಹಾಗಿಲ್ಲ. ಕೇಸಿನ ಫಲದಲ್ಲಿ ಪಾಲು, ಕೇಸು ತಂದುಕೊಟ್ಟವನಿಗೆ ಕಮಿಷನ್, ಕಕ್ಷಿದಾರನ ಕಾಗದವನ್ನೋ ಹಣವನ್ನೋ ಒತ್ತೆ ಇಟ್ಟುಕೊಳ್ಳುವುದು, ಈ ಮೂರೂ ಗೆರೆಯ ಆಚೆಗಿನವು. ನಿಮ್ಮ ಪತ್ರದಲ್ಲಿ ಮೂರೂ ಇವೆ.

ನೂರಕ್ಕೆ ಇಪ್ಪತ್ತು

ಅಪಘಾತ ಪರಿಹಾರ, ಭೂಸ್ವಾಧೀನ ಪರಿಹಾರ, ಈ ಎರಡು ಬಗೆಯ ಕೇಸುಗಳಲ್ಲಿ ಪರ್ಸೆಂಟೇಜ್ ಮಾತು ಎಲ್ಲ ಊರಲ್ಲೂ ಇದೆ. ‘ಎಲ್ಲರೂ ಮಾಡ್ತಾರೆ’ ಅನ್ನುವುದು ನಿಜವಿರಬಹುದು. ಆದರೂ 20ನೇ ನಿಯಮ ಅದನ್ನು ನೇರವಾಗಿ ನಿಷೇಧಿಸುತ್ತದೆ: ಫಲಿತಾಂಶಕ್ಕೆ ಕಟ್ಟಿದ ಫೀಸು ಬೇಡ, ಬಂದ ಹಣದಲ್ಲಿ ಪಾಲಿನ ಒಪ್ಪಂದ ಬೇಡ. 1954ರಲ್ಲೇ ಸುಪ್ರೀಂ ಕೋರ್ಟ್ ಒಬ್ಬ ಹಿರಿಯ ವಕೀಲರ ಇಂಥ ಒಪ್ಪಂದವನ್ನು ವೃತ್ತಿ ದುರ್ನಡತೆ ಎಂದಿತ್ತು. 2017ರಲ್ಲಿ ತೆಲಂಗಾಣದಿಂದ ಹೋದ ಪ್ರಕರಣ ಇನ್ನೂ ನಿಮ್ಮದಕ್ಕೆ ಹತ್ತಿರ: ಮೋಟಾರು ಅಪಘಾತದ ಪರಿಹಾರದಲ್ಲಿ ಪ್ರಮಾಣದ ಲೆಕ್ಕದಲ್ಲಿ ಫೀಸು, ಅದಕ್ಕಾಗಿ ಬರೆಸಿಕೊಂಡ ಚೆಕ್ಕು, ಚೆಕ್ಕು ಬೌನ್ಸ್ ಆದಾಗ ಕ್ರಿಮಿನಲ್ ದೂರು. ಕೋರ್ಟ್ ಆ ದೂರನ್ನೇ ರದ್ದು ಮಾಡಿತು. ಇಂಥ ಫೀಸು ಸಾರ್ವಜನಿಕ ನೀತಿಗೆ ವಿರುದ್ಧ, ಅದರ ಮೇಲೆ ಚೆಕ್ ಕೇಸು ನಿಲ್ಲುವುದಿಲ್ಲ ಎಂದಿತು. ಅಂದರೆ ನೀವು ಸಹಿ ಹಾಕಿಸಿಟ್ಟುಕೊಳ್ಳುವ ಖಾಲಿ ಚೆಕ್ಕು ನಿಮ್ಮನ್ನು ಕಾಪಾಡುವುದಿಲ್ಲ, ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ.

ಯಾಕೆ ಇಷ್ಟು ಕಟ್ಟುನಿಟ್ಟು? ಅಂಕಿ ಇಟ್ಟು ನೋಡಿ. ಆ ಹೆಣ್ಣುಮಗಳ ಕೇಸು ಲೋಕ ಅದಾಲತ್‌ಗೆ ಬಂತು ಅಂತಿಟ್ಟುಕೊಳ್ಳಿ. ವಿಮಾ ಕಂಪನಿ ಇವತ್ತೇ 6 ಲಕ್ಷ ಕೊಡಲು ತಯಾರಿದೆ. ವಿಚಾರಣೆ ನಡೆಸಿ, ಗಂಡನ ಆದಾಯದ ದಾಖಲೆ ತರಿಸಿ, ಸಾಕ್ಷಿ ಹಾಕಿದರೆ ಮೂರು ವರ್ಷದ ಮೇಲೆ 9 ಲಕ್ಷ ಬರಬಹುದು. ನೂರಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಇವತ್ತು ನಿಮಗೆ 1 ಲಕ್ಷ 20 ಸಾವಿರ, ಮೂರು ವರ್ಷದ ಮೇಲೆ 1 ಲಕ್ಷ 80 ಸಾವಿರ. ಹೆಚ್ಚುವರಿ 60 ಸಾವಿರಕ್ಕಾಗಿ ನೀವು ಮೂರು ವರ್ಷ ಓಡಾಡುವುದಿಲ್ಲ, ‘ರಾಜಿ ಆಗಿಬಿಡಿ ಅಮ್ಮ’ ಅನ್ನುತ್ತೀರಿ. ಆಕೆಗೆ ಮಾತ್ರ ಆ ಮಾತಿನ ಬೆಲೆ 2 ಲಕ್ಷ 40 ಸಾವಿರ. ರಾಜಿಯೇ ಆಕೆಗೆ ಒಳ್ಳೆಯದೂ ಇರಬಹುದು, ಮಕ್ಕಳ ಶಾಲೆ ಫೀಸು ಇವತ್ತೇ ಕಟ್ಟಬೇಕಿರಬಹುದು. ಆದರೆ ಆ ಸಲಹೆಯನ್ನು ಆಕೆಯ ಲೆಕ್ಕ ನೋಡಿ ಕೊಟ್ಟಿರೋ ನಿಮ್ಮ ಲೆಕ್ಕ ನೋಡಿ ಕೊಟ್ಟಿರೋ ನಿಮಗೇ ಗೊತ್ತಾಗುವುದಿಲ್ಲ. ವ್ಯಾಪಾರಿಗೆ ಈ ತೊಂದರೆ ಇಲ್ಲ, ಗಿರಾಕಿಯ ಎದುರು ಅವನು ತನ್ನ ಲಾಭಕ್ಕೇ ಕೂತಿದ್ದಾನೆ ಎಂದು ಇಬ್ಬರಿಗೂ ಗೊತ್ತು.

ಹಾಗಾದರೆ ಆಕೆಯನ್ನು ವಾಪಸ್ ಕಳಿಸಬೇಕೇ? ಬೇಕಿಲ್ಲ. ಒಂದು ದಾರಿ: ಮೊತ್ತ ಈಗಲೇ ನಿಗದಿ ಮಾಡಿ. ಕೇಸು ಗೆದ್ದರೂ ಸೋತರೂ ಅಷ್ಟೇ ಎಂದು ಬರೆಯಿರಿ, ಕಂತು ದೂರದೂರ ಹಾಕಿ. ಫೀಸು ತಡವಾಗಿ ತೆಗೆದುಕೊಳ್ಳುವುದು ತಪ್ಪಲ್ಲ, ಗೆಲುವಿಗೆ ಕಟ್ಟುವುದು ತಪ್ಪು. ಇನ್ನೊಂದು ದಾರಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟಿದ್ದರೂ ಉಚಿತ ವಕೀಲರಿಗೆ ಅರ್ಹರು. ನೀವು ಆ ಸಮಿತಿಯ ಪ್ಯಾನೆಲ್‌ನಲ್ಲಿದ್ದರೆ ಕೇಸು ನಿಮಗೇ ಬರಲೂಬಹುದು, ಆದರೆ ಆಮೇಲೆ ಆಕೆಯಿಂದ ಒಂದು ರೂಪಾಯಿ ಮುಟ್ಟುವ ಹಾಗಿಲ್ಲ. ಕೈಯಿಂದ ಖರ್ಚು ಹಾಕಿ ಆಮೇಲೆ ವಸೂಲಿ ಮಾಡುತ್ತೇನೆ ಅನ್ನಬೇಡಿ, ಕಕ್ಷಿದಾರನಿಗೆ ಸಾಲ ಕೊಡುವುದನ್ನು 32ನೇ ನಿಯಮ ತಡೆಯುತ್ತದೆ. ಆಕೆಯ ಪಾಸ್‌ಬುಕ್, ಎಟಿಎಂ ಕಾರ್ಡು ನಿಮ್ಮ ಗುಮಾಸ್ತನ ಡ್ರಾಯರಿನಲ್ಲಿ ಇರಲೇಬಾರದು.

ಬೀರುವಿನಲ್ಲಿರುವ ಫೈಲು

ಕೈಗಡಿಯಾರ ರಿಪೇರಿ ಮಾಡಿದವನು ಕೂಲಿ ಕೊಡುವವರೆಗೆ ಗಡಿಯಾರ ಇಟ್ಟುಕೊಳ್ಳಬಹುದು. ಕರಾರು ಕಾಯ್ದೆಯ 170ನೇ ಕಲಮು ಅವನಿಗೆ ಆ ಹಕ್ಕು ಕೊಡುತ್ತದೆ. ವಕೀಲನಿಗೆ ಆ ಹಕ್ಕಿಲ್ಲ. ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದರ ವಕೀಲರು ಬಾಕಿ ಫೀಸಿಗಾಗಿ ಫೈಲುಗಳನ್ನು ತಡೆಹಿಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಇದನ್ನು ಇತ್ಯರ್ಥ ಮಾಡಿತು. ಕೇಸಿನ ಕಾಗದಗಳು ಮಾರಿ ಹಣ ಮಾಡಿಕೊಳ್ಳಬಹುದಾದ ‘ಸರಕು’ ಅಲ್ಲ. ಅವುಗಳನ್ನು ಇಟ್ಟುಕೊಂಡರೆ ಕಕ್ಷಿದಾರ ಮುಂದಿನ ವಕೀಲರ ಹತ್ತಿರ ಬರಿಗೈಲಿ ನಿಲ್ಲುತ್ತಾನೆ, ಆದ್ದರಿಂದ ಅದು ದುರ್ನಡತೆ. ಆ ವಕೀಲರ ಶಿಕ್ಷೆಯನ್ನು ಕೋರ್ಟ್ ಛೀಮಾರಿಗೆ ಇಳಿಸಿತು. ಕಾನೂನು ಆಗ ಸ್ಪಷ್ಟವಿರಲಿಲ್ಲ ಎಂಬ ವಾದಕ್ಕೆ ಅಂದು ಜಾಗ ಇತ್ತು, ನಿಮಗೆ ಅದು ಸಿಗುವುದಿಲ್ಲ.

ಫೀಸು ಬಿಟ್ಟುಬಿಡಿ ಎಂದಲ್ಲ. 1926ರ ವಕೀಲರ ಫೀಸು ಕಾಯ್ದೆ ನಿಮಗೆ ಎರಡು ಹಕ್ಕು ಕೊಟ್ಟಿದೆ: ಕಕ್ಷಿದಾರನ ಜೊತೆ ಫೀಸಿನ ಖಾಸಗಿ ಕರಾರು ಮಾಡಿಕೊಳ್ಳುವುದು, ಕೊಡದಿದ್ದರೆ ದಾವೆ ಹೂಡುವುದು. ಅದೇ ಕಾಯ್ದೆ ಒಂದು ಹೊಣೆಯನ್ನೂ ಹೊರಿಸಿದೆ, ಅದಕ್ಕೆ ಆಮೇಲೆ ಬರುತ್ತೇನೆ. ದಾವೆ ಹೂಡಲು ಬರಹದ ಕರಾರು ಕಡ್ಡಾಯವಲ್ಲ, ಆದರೆ ಒಪ್ಪಿದ ಫೀಸು ಇಷ್ಟು ಎಂದು ತೋರಿಸಲು ಅದು ಕೈಯಲ್ಲಿರಬೇಕು. ನಿಮ್ಮಲ್ಲಿ ಇಲ್ಲ ಅಂತ ನನ್ನ ಊಹೆ, ತಾಲ್ಲೂಕು ಕೋರ್ಟುಗಳಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ‘ನೋಡ್ಕೊಂಡು ಕೊಡಿ’ ಅಂದವರು ಆಮೇಲೆ ಯಾವ ಕಾಗದ ತೋರಿಸುತ್ತಾರೆ?

ಲೀಡ್ (ಕಕ್ಷಿದಾರರ ನಂಬರ್) ಖರೀದಿ

1975ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಮುಂಬೈ ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲಲ್ಲಿ ನಿಂತು, ಬರುವ ಕಕ್ಷಿದಾರರ ಮೇಲೆ ಮುಗಿಬಿದ್ದು ಕೇಸು ಕಿತ್ತುಕೊಳ್ಳುತ್ತಿದ್ದ ವಕೀಲರ ಸಂಗತಿ. ವಕೀಲಿಕೆ ದಂಧೆಯಲ್ಲ, ಕೇಸುಗಳು ಸರಕಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದದ್ದು ಆ ತೀರ್ಪಿನಲ್ಲೇ. ಈಗ ಆ ಬಾಗಿಲು ಮೊಬೈಲಿನೊಳಗೆ ಬಂದಿದೆ, ಅಷ್ಟೇ ವ್ಯತ್ಯಾಸ. ದುಡ್ಡು ತೆಗೆದುಕೊಂಡು ಕಕ್ಷಿದಾರರನ್ನು ವಕೀಲರಿಗೆ ಒಪ್ಪಿಸುವ ದಲ್ಲಾಳಿಗಳಿಗೆ ಮೊದಲು 1879ರ ಕಾಯ್ದೆ ಇತ್ತು. 2023ರ ತಿದ್ದುಪಡಿ ಅದನ್ನು 45ಎ ಕಲಮಾಗಿ ವಕೀಲರ ಕಾಯ್ದೆಗೇ ತಂದಿತು: ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸಬಹುದು, ಪಟ್ಟಿಯಲ್ಲಿರುವವನು ಆ ಕೆಲಸ ಮುಂದುವರಿಸಿದರೆ ಮೂರು ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆನ್‌ಲೈನ್ ಸೇವಾ ತಾಣಗಳಲ್ಲಿ ವಕೀಲರನ್ನು ಬೆಲೆಪಟ್ಟಿ, ಸ್ಟಾರ್ ರೇಟಿಂಗ್ ಹಾಕಿ ತೋರಿಸುವುದರ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ಪರಿಷತ್ತಿಗೆ ಹೇಳಿತು. ತಿಂಗಳಿಗೆ 15 ಸಾವಿರ ಕೊಟ್ಟು 40 ನಂಬರ್ ಕೊಳ್ಳುವುದು ಇದರ ನಡುಮಧ್ಯಕ್ಕೆ ಬೀಳುತ್ತದೆ. ಯುಪಿಐ ಪಾವತಿ, ವಾಟ್ಸ್ಯಾಪ್ ಸಂದೇಶ, ಜಿಎಸ್‌ಟಿ ಬಿಲ್ಲು, ಸಾಕ್ಷ್ಯವೆಲ್ಲ ಅವರ ಹತ್ತಿರವೂ ಇರುತ್ತದೆ, ನಿಮ್ಮ ಎದುರಾಳಿ ವಕೀಲರಿಗೂ ಸುಲಭವಾಗಿ ಸಿಗುತ್ತದೆ.

ಹಾಗಂತ ಬಾಯಿ ಮುಚ್ಚಿ ಕೂರಬೇಕಿಲ್ಲ. 36ನೇ ನಿಯಮಕ್ಕೆ 2008ರಲ್ಲಿ ಆದ ತಿದ್ದುಪಡಿ ವೆಬ್‌ಸೈಟಿಗೆ ಅವಕಾಶ ಕೊಟ್ಟಿದೆ. ಹೆಸರು, ವಿಳಾಸ, ಫೋನು, ಇಮೇಲು, ಸನ್ನದಿನ ಸಂಖ್ಯೆ ಮತ್ತು ದಿನಾಂಕ, ಯಾವ ರಾಜ್ಯ ಪರಿಷತ್ತು, ಯಾವ ವಕೀಲರ ಸಂಘ, ಓದು, ಯಾವ ಬಗೆಯ ಕೇಸುಗಳಲ್ಲಿ ಕೆಲಸ, ಇಷ್ಟನ್ನು ಹಾಕಬಹುದು. ಗೆದ್ದ ಕೇಸುಗಳ ಪಟ್ಟಿ, ಕಕ್ಷಿದಾರರ ಹೊಗಳಿಕೆ, ‘ಮೊದಲ ಸಲಹೆ ಉಚಿತ’ ಇವು ಬೇಡ. ಗೂಗಲ್ ನಕ್ಷೆಯಲ್ಲಿ ಕಚೇರಿ ಗುರುತಿಸುವುದು ಬೋರ್ಡಿಗೆ ಸಮ ಎಂದು ನಾನು ತಿಳಿಯುತ್ತೇನೆ, ಕಕ್ಷಿದಾರರಿಗೆ ಕೈಮುಗಿದು ಐದು ಸ್ಟಾರ್ ಹಾಕಿಸುವುದು ಸಮವಲ್ಲ. ಬೋರ್ಡಿನ ವಿಷಯದಲ್ಲಿ ನಮ್ಮ ಊರುಗಳಲ್ಲಿ ಆಗುವ ಸಾಮಾನ್ಯ ತಪ್ಪು ಒಂದಿದೆ. ಹೆಸರಿನ ಕೆಳಗೆ ‘ಅಧ್ಯಕ್ಷರು, ವಕೀಲರ ಸಂಘ’ ಎಂದೋ ‘ಕ್ರಿಮಿನಲ್ ಕೇಸ್ ತಜ್ಞರು’ ಎಂದೋ ಬರೆಸುತ್ತಾರೆ. ಎರಡೂ ನಿಯಮಕ್ಕೆ ವಿರುದ್ಧ. ರೀಲ್ಸ್ ಮೂಲಕ ಪ್ರಚಾರ ಮಾಡುವವರ ಮೇಲೂ 2025ರ ಮಾರ್ಚ್‌ನಲ್ಲಿ ಪರಿಷತ್ತು ಕಣ್ಣು ಕೆಂಪು ಮಾಡಿದೆ. ಕಾನೂನು ತಿಳಿಸಿ ಹೇಳುವ ವಿಡಿಯೊಗೆ ತಕರಾರು ಕಡಿಮೆ. ಕೊನೆಯಲ್ಲಿ ನಂಬರು ತೋರಿಸಿ ‘ಕೂಡಲೇ ಕರೆ ಮಾಡಿ’ ಅಂದ ಕ್ಷಣ ಅದು ಜಾಹೀರಾತು.

ಅಪ್ಪನ ಅಂಗಡಿ

ಇಲ್ಲಿ ಬಹಳ ಜನ ಎಡವುತ್ತಾರೆ, ಯಾಕೆಂದರೆ ಎರಡು ನಿಯಮಗಳನ್ನು ಒಂದೆಂದು ತಿಳಿಯುತ್ತಾರೆ. 50ನೇ ನಿಯಮದ ಪ್ರಕಾರ ಪಿತ್ರಾರ್ಜಿತವಾಗಿಯೋ ಉಯಿಲಿನಿಂದಲೋ ಬಂದ ಕುಟುಂಬದ ವ್ಯಾಪಾರದಲ್ಲಿ ವಕೀಲ ಪಾಲು ಇಟ್ಟುಕೊಳ್ಳಬಹುದು, ಆದರೆ ಆಡಳಿತದಲ್ಲಿ ಸ್ವತಃ ಕೈಹಾಕಬಾರದು. ನಿಮ್ಮ ತಂದೆ ಬದುಕಿದ್ದಾರೆ, ಅವರು ಈಗ ನಿಮ್ಮ ಹೆಸರಿಗೆ ವರ್ಗಾಯಿಸಿದರೆ ಅದು ಪಿತ್ರಾರ್ಜಿತವಾಗಿ ಬಂದದ್ದಾಗುವುದಿಲ್ಲ. ಆಗ ಅನ್ವಯಿಸುವುದು 47ನೇ ನಿಯಮ: ವಕೀಲ ಸ್ವತಃ ವ್ಯಾಪಾರ ಮಾಡಕೂಡದು, ರಾಜ್ಯ ಪರಿಷತ್ತಿನ ದೃಷ್ಟಿಯಲ್ಲಿ ವೃತ್ತಿಯ ಘನತೆಗೆ ಕುಂದಿಲ್ಲದ ವ್ಯಾಪಾರದಲ್ಲಿ ಬರೀ ಬಂಡವಾಳದ ಪಾಲುದಾರನಾಗಿ ಇರಬಹುದು.

‘ಹೆಸರು ನನ್ನದು, ನಡೆಸುವುದು ತಮ್ಮ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ದೂರು ಬಂದಾಗ ಯಾರು ಗಲ್ಲಾದಲ್ಲಿ ಕೂತಿದ್ದರು ಎಂದಷ್ಟೇ ನೋಡುವುದಿಲ್ಲ, ಕಾಗದ ನೋಡುತ್ತಾರೆ. ಗೊಬ್ಬರ ಮಾರಾಟದ ಪರವಾನಗಿ ಯಾರ ಹೆಸರಿನಲ್ಲಿದೆ, ಜಿಎಸ್‌ಟಿ ನೋಂದಣಿಯಲ್ಲಿ ಸಹಿಯ ಅಧಿಕಾರ ಯಾರಿಗಿದೆ, ಬ್ಯಾಂಕ್ ಖಾತೆಗೆ ಯಾರು ಸಹಿ ಹಾಕುತ್ತಾರೆ, ಸಬ್ಸಿಡಿ ಗೊಬ್ಬರ ಮಾರುವ ಪಿಒಎಸ್ ಯಂತ್ರಕ್ಕೆ ಯಾರ ಲಾಗಿನ್, ಕೌಂಟರಿನಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗುತ್ತದೆ. ಈ ಐದರಲ್ಲಿ ಒಂದರಲ್ಲೂ ನಿಮ್ಮ ಹೆಸರು ಇರಬಾರದು.

ದಾರಿಗಳು ಮೂರು. ಅಂಗಡಿಯನ್ನು ತಾಯಿ, ಹೆಂಡತಿ ಅಥವಾ ತಮ್ಮನ ಹೆಸರಿಗೆ ಮಾಡಿ, ಅವರೇ ನಿಜವಾಗಿ ನಡೆಸಲಿ. ತೊಂದರೆ ಏನೆಂದರೆ ಸಾಲವಸೂಲಿಗೆ ರೈತರ ಮನೆಗೆ ಹೋಗುವವರು ಕೊನೆಗೆ ನೀವೇ ಆಗುತ್ತೀರಿ, ಅದೇ ರೈತ ನಾಳೆ ನಿಮ್ಮ ಕಕ್ಷಿದಾರ. ಎರಡನೆಯದು ಪಾಲುದಾರಿಕೆ: ಪತ್ರದಲ್ಲಿ ನಿಮ್ಮನ್ನು ನಿಷ್ಕ್ರಿಯ ಪಾಲುದಾರ ಎಂದು ಬರೆಸಿ, ಅದರ ಪ್ರತಿ ಇಟ್ಟು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಮೊದಲೇ ಅರ್ಜಿ ಹಾಕಿ. ಸಹಿ ಆದಮೇಲೆ ಕೇಳುವುದಲ್ಲ, ಸಹಿಗೆ ಮುಂಚೆ. ಮೂರನೆಯದು, ಅಂಗಡಿಯೇ ಹೊಟ್ಟೆಪಾಡು ಅನ್ನಿಸಿದರೆ ಸನ್ನದು ಅಮಾನತಿನಲ್ಲಿಡುವುದು. ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ, ಜೊತೆಗೆ ಮೂಲ ಸನ್ನದು ಪ್ರಮಾಣಪತ್ರ ಪರಿಷತ್ತಿಗೆ ಕಳಿಸಬೇಕು. ಮತ್ತೆ ಬೇಕಾದಾಗ ಅರ್ಜಿ ಹಾಕಿ ಮರಳಬಹುದು. ಕಳಿಸದೆ ಸುಮ್ಮನೆ ಕೋರ್ಟಿಗೆ ಬರುವುದು ನಿಲ್ಲಿಸುವವರು ಸಿಕ್ಕಿಬೀಳುವುದು ಆಮೇಲೆ, ಹಿಂತಿರುಗುವಾಗ. ಜಮೀನಿನ ಬೆಳೆ, ಮನೆ ಬಾಡಿಗೆಗೆ ಈ ಯಾವ ತಕರಾರೂ ಬಂದದ್ದಿಲ್ಲ. ಕಾನೂನು ಕಾಲೇಜಿನಲ್ಲಿ ದಿನಕ್ಕೆ ಮೂರು ಗಂಟೆ ಮೀರದಂತೆ ಪಾಠ ಮಾಡಲು 1979ರ ನಿಯಮಗಳಲ್ಲೇ ಅವಕಾಶವಿದೆ, ಹತ್ತಿರದಲ್ಲಿ ಕಾಲೇಜಿದ್ದರೆ ಅಂಗಡಿಗಿಂತ ಅದು ನೆಮ್ಮದಿ.

ಈಗ ನಿಜವಾದ ವ್ಯವಹಾರ: ನಿಮ್ಮ ಫೀಸು

ಬಾರ್ ರೂಮಿನಲ್ಲಿ ಹರಡಿರುವ ಅತಿ ದೊಡ್ಡ ಮಿಥ್ಯೆ, ಫೀಸಿನ ಮಾತಾಡುವುದು ಅಗೌರವ ಅನ್ನುವುದು. ನಿಯಮಗಳಲ್ಲಿ ಎಲ್ಲೂ ಹಾಗಿಲ್ಲ. 11ನೇ ನಿಯಮ ವಕೀಲನ ಅನುಭವಕ್ಕೂ ಕೇಸಿನ ಸ್ವರೂಪಕ್ಕೂ ತಕ್ಕ ಫೀಸು ಅನ್ನುತ್ತದೆ. 38ನೆಯದು ಶಕ್ತಿ ಇರುವ ಕಕ್ಷಿದಾರನಿಂದ ಕೋರ್ಟು ನಿಯಮದ ಫೀಸಿಗಿಂತ ಕಡಿಮೆ ತೆಗೆದುಕೊಳ್ಳಬೇಡ ಅಂತಲೇ ಹೇಳುತ್ತದೆ. ಈ ‘ನೋಬಲ್’ ಮಾತು ಹೆಚ್ಚಾಗಿ ಕೆಲಸಕ್ಕೆ ಬರುವುದು ಜೂನಿಯರ್‌ಗೆ ಸಂಬಳ ಕೊಡದಿರಲು. ನಿಮ್ಮ ಖರ್ಚಿನಲ್ಲಿ ಜೂನಿಯರ್ ಇದ್ದಾರೆ ಎಂದಿದ್ದೀರಿ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ನಗರದಲ್ಲಿ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಕನಿಷ್ಠ ಭತ್ಯೆ ಎಂದು ಸಲಹೆ ಕೊಟ್ಟಿದೆ. ಕಡ್ಡಾಯವಲ್ಲ, ಆದರೂ ನಿಮ್ಮದನ್ನು ಅದರ ಪಕ್ಕದಲ್ಲಿಟ್ಟು ನೋಡಿಕೊಳ್ಳಿ.

ಲೆಕ್ಕ ಹೀಗೆ ಹಾಕಿ. ಕಚೇರಿಗೆ 40 ಸಾವಿರ. ಮನೆಗೆ 50 ಸಾವಿರ ಬೇಕು ಅಂತಿರಲಿ. ಒಟ್ಟು 90 ಸಾವಿರ. ತಿಂಗಳಿಗೆ 20 ದಿನ ಕೋರ್ಟು, ದಿನಕ್ಕೆ ಫೀಸು ಹುಟ್ಟಿಸುವ ಕೆಲಸ 3 ಗಂಟೆ (ಕೂಗುವವರೆಗೆ ಬೆಂಚಿನ ಮೇಲೆ ಕಾಯುವುದು ಸೇರಿಸಬೇಡಿ). 60 ಗಂಟೆ, ಗಂಟೆಗೆ 1,500 ರೂಪಾಯಿ. ಈಗ ಒಂದು ಪಾಲುವಿಭಾಗದ ದಾವೆಯನ್ನು ನೀವು 25 ಸಾವಿರಕ್ಕೆ ಒಪ್ಪಿಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ಪಹಣಿ, ಮ್ಯುಟೇಷನ್, ವಂಶವೃಕ್ಷ ನೋಡಿ ದಾವಾಪತ್ರ ಬರೆಯಲು 8 ಗಂಟೆ, ತಾತ್ಕಾಲಿಕ ತಡೆಯಾಜ್ಞೆ ಅರ್ಜಿ ಮತ್ತು ವಾದಕ್ಕೆ 5, ಸಾಕ್ಷಿಯ ಅಫಿಡವಿಟ್ಟು, ಪಾಟೀಸವಾಲು ತಯಾರಿಗೆ 14, ವಾದಕ್ಕೆ 6, ಬರೀ ಹಾಜರಿ ಹಾಕುವ 24 ದಿನಗಳಿಗೆ ತಲಾ ಅರ್ಧ ಗಂಟೆ ಅಂದರೆ 12. ಒಟ್ಟು 45 ಗಂಟೆ. ನಿಮ್ಮದೇ ದರದಲ್ಲಿ 67,500. ಇಂಥ ಪ್ರತಿ ಕೇಸಿನಲ್ಲೂ 42,500 ರೂಪಾಯಿ ನೀವೇ ಕೈಯಿಂದ ಹಾಕುತ್ತಿದ್ದೀರಿ, ಅದನ್ನು ತುಂಬಿಸಲು ಇನ್ನೂ ಹೆಚ್ಚು ಕೇಸು ಹಿಡಿಯುತ್ತಿದ್ದೀರಿ, ಹೆಚ್ಚು ಕೇಸಾದಾಗ ಡೇಟು ಕೇಳುತ್ತೀರಿ. ಲೀಡ್ ಬೇಕು ಅನ್ನಿಸುವುದು ಈ ಲೆಕ್ಕ ಹಾಕದ್ದರಿಂದ.

67,500 ಒಂದೇ ಸಲ ಕೇಳಿದರೆ ಯಾರೂ ಕೊಡುವುದಿಲ್ಲ. ಹಂತಕ್ಕೆ ಕಟ್ಟಿ: ದಾವೆ ಹಾಕುವಾಗ, ವಿವಾದಾಂಶ ರೂಪಿಸಿದಾಗ, ನಮ್ಮ ಕಡೆ ಸಾಕ್ಷ್ಯ ಶುರುವಾಗುವಾಗ, ವಾದದ ಮುಂಚೆ. ಎರಡು ಪುಟದ ಕನ್ನಡ ಕರಾರು ಸಾಕು. ಅದರಲ್ಲಿ ಯಾವ ಕೋರ್ಟಿನವರೆಗೆ ಎಂದು ಬರೆಯಿರಿ (ಅಪೀಲು ಸೇರಿಲ್ಲ ಎಂದು ಬಿಡಿಸಿ ಹೇಳಿ, ಜಗಳಗಳಲ್ಲಿ ಅರ್ಧ ಇಲ್ಲೇ ಹುಟ್ಟುವುದು), ಕೋರ್ಟು ಫೀಸು, ಕಮಿಷನರ್ ಫೀಸು, ನಕಲು ಖರ್ಚು ಬೇರೆ ಎಂದು ಬರೆಯಿರಿ, ಕಂತು ತಪ್ಪಿದರೆ ಏನು ಎಂದು ಬರೆಯಿರಿ. ಕಂತು ತಪ್ಪಿದ ದಿನವೇ ಕೋರ್ಟಿಗೆ ಬರುವುದು ನಿಲ್ಲಿಸುವ ಹಾಗಿಲ್ಲ. ವಕಾಲತ್ತು ಬಿಡಲು ಕಕ್ಷಿದಾರನಿಗೆ ಮುಂಚಿತ ನೋಟಿಸು, ಕೋರ್ಟಿನ ಅನುಮತಿ ಎರಡೂ ಬೇಕು, ದುಡಿಯದ ಭಾಗದ ಫೀಸು ವಾಪಸ್ ಕೊಡಬೇಕು.

ಫೀಸಿಗೆ ಒಂದು ಬ್ಯಾಂಕ್ ಖಾತೆ, ಖರ್ಚಿಗೆಂದು ಕಕ್ಷಿದಾರ ಕೊಟ್ಟ ಹಣಕ್ಕೆ ಇನ್ನೊಂದು. 25ರಿಂದ 31ರವರೆಗಿನ ನಿಯಮಗಳ ಸಾರ ಇಷ್ಟೇ: ಬಂದದ್ದು ಫೀಸೋ ಖರ್ಚಿನ ಬಾಬ್ತೋ ಎಂದು ಪುಸ್ತಕದಲ್ಲಿ ಬರೆಯಬೇಕು, ಖರ್ಚಿನ ಹಣವನ್ನು ಕಕ್ಷಿದಾರನ ಬರಹದ ಒಪ್ಪಿಗೆ ಇಲ್ಲದೆ ಫೀಸಿಗೆ ತಿರುಗಿಸಬಾರದು, ಕೇಳಿದಾಗ ಲೆಕ್ಕದ ಪ್ರತಿ ಕೊಡಬೇಕು. ದೂರುಗಳಲ್ಲಿ ವಕೀಲರು ಸೋಲುವುದು ಹೆಚ್ಚಾಗಿ ಈ ಪುಸ್ತಕ ಇಲ್ಲದ್ದರಿಂದ.

ತೆರಿಗೆಯಲ್ಲಿ ನಿಮಗೆ ಸುಲಭದ ದಾರಿಯೇ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಪ್ರಕಾರ ವರ್ಷದ ಫೀಸು 50 ಲಕ್ಷದೊಳಗಿದ್ದರೆ (ನಗದು ಶೇ 5 ಮೀರದಿದ್ದರೆ 75 ಲಕ್ಷ) ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು. ನಿಮ್ಮದು ತಿಂಗಳಿಗೆ 90 ಸಾವಿರವಾದರೆ ವರ್ಷಕ್ಕೆ 10.8 ಲಕ್ಷ, ನಿಜವಾದ ಖರ್ಚು 4.8 ಲಕ್ಷ, ಕಾನೂನು ಒಪ್ಪುವ ಖರ್ಚು 5.4 ಲಕ್ಷ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬೇರೆ, ಸಂಖ್ಯೆ ಹುಡುಕುವಾಗ ಅದು ನೆನಪಿರಲಿ. ಜಿಎಸ್‌ಟಿಯಲ್ಲಿ ವ್ಯಾಪಾರವಿಲ್ಲದ ಸಾಮಾನ್ಯ ಕಕ್ಷಿದಾರನಿಗೆ ನೀವು ಕೊಡುವ ಸೇವೆಗೆ ವಿನಾಯಿತಿ ಇದೆ. ನೋಂದಣಿ ಮಿತಿ ದಾಟಿದ ವ್ಯಾಪಾರ ಸಂಸ್ಥೆ ಕಕ್ಷಿದಾರನಾದರೆ ತೆರಿಗೆ ಕಟ್ಟುವುದು ಅವರೇ, ರಿವರ್ಸ್ ಚಾರ್ಜ್ ಮೇಲೆ. ಬ್ಯಾಂಕಿನವರು ಕೇಳುವ ‘ಟರ್ನೋವರ್’ಗೆ ಈ ರಿಟರ್ನ್ ಕೊಡಿ.

ಗ್ರಾಹಕರ ಕೋರ್ಟಿನ ಬೆದರಿಕೆ

ಇದಕ್ಕೆ ಹೆದರಬೇಡಿ, ಉಳಿದದ್ದಕ್ಕೆ ಹೆದರಿ. 2024ರ ಮೇ 14ರಂದು ಸುಪ್ರೀಂ ಕೋರ್ಟ್ ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು ತೀರ್ಮಾನಿಸಿದೆ. ಕಾರಣ ನೋಡಿ: ವಕೀಲ ಕಕ್ಷಿದಾರನ ಸೂಚನೆಯ ಹತೋಟಿಯಲ್ಲಿ ಕೆಲಸ ಮಾಡುತ್ತಾನೆ, ಜೊತೆಗೆ ಕೋರ್ಟಿಗೂ ಅವನ ಕರ್ತವ್ಯವಿದೆ, ಹಾಗಾಗಿ ಈ ಸಂಬಂಧ ಸರಕು ಮಾರಿದ ಹಾಗಲ್ಲ. ಇದನ್ನು ಬಾರಿನಲ್ಲಿ ಕೆಲವರು ‘ನಮ್ಮನ್ನು ಯಾರೂ ಮುಟ್ಟುವ ಹಾಗಿಲ್ಲ’ ಎಂದು ಓದಿಕೊಂಡಿದ್ದಾರೆ. ತಪ್ಪು. ನಾನು ಮೊದಲು ಹೇಳಿದ 1926ರ ಕಾಯ್ದೆಯ 5ನೇ ಕಲಮು ನಿರ್ಲಕ್ಷ್ಯಕ್ಕೆ ವಕೀಲನ ಮೇಲೆ ಸಿವಿಲ್ ದಾವೆ ಹೂಡಬಹುದು ಅನ್ನುತ್ತದೆ, ವಕೀಲರ ಕಾಯ್ದೆಯ 35ನೇ ಕಲಮಿನಡಿ ಪರಿಷತ್ತಿಗೆ ದೂರು ಕೊಡಬಹುದು. ಅಲ್ಲಿ ಶಿಕ್ಷೆ ಛೀಮಾರಿಯಿಂದ ಹಿಡಿದು ವಕೀಲರ ಪಟ್ಟಿಯಿಂದ ಹೆಸರು ತೆಗೆಯುವವರೆಗೆ. ಸೋತ ಮಾತ್ರಕ್ಕೆ ನಿರ್ಲಕ್ಷ್ಯವಲ್ಲ. ಕಾಲಮಿತಿ ಮೀರಿಸಿದ್ದು, ಡೇಟಿಗೆ ಹೋಗದೆ ಏಕಪಕ್ಷೀಯ ಆದೇಶವಾದದ್ದು, ಕಕ್ಷಿದಾರನಿಗೆ ಹೇಳದೆ ರಾಜಿ ಮೆಮೊ ಹಾಕಿದ್ದು, ಇವು ನಿರ್ಲಕ್ಷ್ಯ. ಆ ಮನುಷ್ಯನ ಕೇಸಿನಲ್ಲಿ ಪ್ರತಿ ಡೇಟಿನ ರಾತ್ರಿ ಏನಾಯಿತೆಂದು ಒಂದು ಸಾಲು ವಾಟ್ಸ್ಯಾಪ್ ಮಾಡಿಬಿಡಿ. ಒಂದು ವರ್ಷದಲ್ಲಿ ನಿಮ್ಮ ಪರವಾಗಿ ದೊಡ್ಡ ದಾಖಲೆಯಾಗುತ್ತದೆ.

ವ್ಯಾಪಾರವಲ್ಲ ಅನ್ನಿಸಿಕೊಂಡದ್ದರ ಲಾಭವನ್ನೂ ನೋಡಿ. ಕಕ್ಷಿದಾರ ನಿಮಗೆ ಹೇಳಿದ್ದನ್ನು ಹೊರಹಾಕಿಸಲು ಪೊಲೀಸರಿಗೆ ಸುಲಭವಿಲ್ಲ, ಸಾಕ್ಷ್ಯ ಅಧಿನಿಯಮದ 132ನೇ ಕಲಮು ಅದನ್ನು ಕಾಯುತ್ತದೆ. ವಕೀಲರಿಗೆ ತನಿಖಾಧಿಕಾರಿಗಳು ಸಮನ್ಸ್ ಕಳಿಸುವ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2025ರ ಅಕ್ಟೋಬರ್ 31ರ ತೀರ್ಪು ಇದನ್ನು ಗಟ್ಟಿ ಮಾಡಿತು. ಅದೇ ತೀರ್ಪು, ಕಂಪನಿಯಲ್ಲಿ ಸಂಬಳಕ್ಕಿರುವ ಕಾನೂನು ಅಧಿಕಾರಿಗೆ ಆ ಕಲಮಿನ ರಕ್ಷಣೆ ಇಲ್ಲ ಎಂದಿತು.

ಈ ವಾರದ ಕೆಲಸ ಬೀರುವಿನಲ್ಲಿರುವ ಆ ಫೈಲು. ಎಲ್ಲ ಕಾಗದಗಳಿಗೂ ಪುಟಸಂಖ್ಯೆ ಹಾಕಿಸಿ, ಪಟ್ಟಿ ಮಾಡಿ, ನಿಮಗೆ ಒಂದು ಜೆರಾಕ್ಸ್ ಸೆಟ್ ಇಟ್ಟುಕೊಳ್ಳಿ. ಮೂಲ ಕ್ರಯಪತ್ರ ಏನಾದರೂ ಇದ್ದರೆ ಅದನ್ನು ಪಟ್ಟಿಯಲ್ಲಿ ಬೇರೆಯಾಗಿ ಕಾಣಿಸಿ. ಕಕ್ಷಿದಾರನಿಂದಲೋ ಹೊಸ ವಕೀಲರಿಂದಲೋ ಪಟ್ಟಿಯ ಮೇಲೆ ಸಹಿ, ದಿನಾಂಕ ಹಾಕಿಸಿಕೊಂಡು ಕೊಟ್ಟುಬಿಡಿ. ಫೀಸು ಬಾಕಿಯ ನೋಟಿಸು ಮಾರನೆಯ ದಿನ, ಬೇರೆ ಲಕೋಟೆಯಲ್ಲಿ.